ಬೆಳ್ಳೂರಿನ ಎದೆ, ಬೀಜಿಂಗಿನ ಹೆಜ್ಜೆ

ನರಸಾಪುರ ಎಂದರೆ ಈಗಿನವರಿಗೆ ಕೈಗಾರಿಕಾ ಪ್ರದೇಶ. ಹೊಂಡಾ ಸ್ಕೂಟರು ತಯಾರಾಗುವ ಜಾಗ, ಐಫೋನು ಜೋಡಿಸುವ ಜಾಗ. ಪಾಳಿ ಮುಗಿಸಿದ ಹುಡುಗ ಹುಡುಗಿಯರನ್ನು ತುಂಬಿಕೊಂಡ ಬಸ್ಸುಗಳು ಕೋಲಾರದ ಹೆದ್ದಾರಿಗೆ ಸಾಲಾಗಿ ಬರುತ್ತವೆ. ಅಲ್ಲಿಗೆ ಹತ್ತಿರದಲ್ಲೇ ಇರುವ ಬೆಳ್ಳೂರಿಗೆ ಇದಕ್ಕಿಂತ ಹಳೆಯ ಹೆಸರೊಂದಿದೆ. ದೂರದ ಪುಣೆ, ಲಂಡನ್, ಬೀಜಿಂಗ್‌ಗಳಲ್ಲಿ ಆ ಊರನ್ನು ಬಲ್ಲವರಿದ್ದಾರೆ. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಎಂಬ ಹೆಸರಿನ ಮೊದಲಕ್ಷರವೇ ಬೆಳ್ಳೂರು.

ನನ್ನನ್ನು ಅಲ್ಲಿಗೆ ಎಳೆದದ್ದು ಅವರ ಕಠಿಣ ಆಸನಗಳ ಫೋಟೊಗಳಲ್ಲ, ಅವರ ಎದೆ. ಆಳವಾಗಿ ಉಸಿರೆಳೆಯಲು ಬಾರದಂಥ ಎದೆಯೊಂದಿಗೆ ಬೆಳೆದ ಹುಡುಗ ಮುಂದೆ ಜಗತ್ತಿಗೆ ಉಸಿರಾಟ ಕಲಿಸಿದನಲ್ಲ, ಆ ದಾರಿ.

1918ರ ಡಿಸೆಂಬರ್ 14ರಂದು ಸುಂದರರಾಜ ಹುಟ್ಟಿದಾಗ ಊರೂರಿನಲ್ಲಿ ಇನ್‌ಫ್ಲುಯೆಂಜಾ. ತಾಯಿ ಶೇಷಮ್ಮ ಬಸುರಿಯಲ್ಲೇ ಆ ಜ್ವರಕ್ಕೆ ಸಿಕ್ಕಿದ್ದರು. ತಂದೆ ಕೃಷ್ಣಮಾಚಾರ್ ಮೇಷ್ಟರು. ಹದಿಮೂರು ಮಕ್ಕಳಲ್ಲಿ ಇವರು ಹನ್ನೊಂದನೆಯವರು. ಮಗುವಿಗೆ ಮಲೇರಿಯಾ, ಆಮೇಲೆ ಟೈಫಾಯ್ಡ್, ಕ್ಷಯ. ಕಡ್ಡಿಯಂಥ ಕೈಕಾಲು, ಮುಂದಕ್ಕೆ ಬಂದ ಹೊಟ್ಟೆ, ನೆಟ್ಟಗೆ ನಿಲ್ಲದ ಕತ್ತು. ಐದನೆಯ ವಯಸ್ಸಿಗೆ ಮನೆ ಬೆಂಗಳೂರಿಗೆ ಬಂತು, ಒಂಬತ್ತಕ್ಕೆ ತಂದೆ ಹೋದರು. 1934ರಲ್ಲಿ ಭಾವ ತಿರುಮಲೈ ಕೃಷ್ಣಮಾಚಾರ್ಯರು ಹುಡುಗನನ್ನು ಮೈಸೂರಿಗೆ ಕರೆಸಿಕೊಂಡರು. ಅಕ್ಕ ನಾಮಗಿರಿಯಮ್ಮನ ಗಂಡ ಅವರು. ಮಹಾರಾಜ ನಾಲ್ವಡಿಯವರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದವರು.

ಭಾವ ಆಸನ ಹೇಳಿಕೊಟ್ಟರು. ಪ್ರಾಣಾಯಾಮ ಹೇಳಿಕೊಡಲಿಲ್ಲ. ಈ ಎದೆಗೆ ಅದು ಆಗುವುದಿಲ್ಲ ಎಂಬುದು ಗುರುವಿನ ತೀರ್ಮಾನ. 1937ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದಲ್ಲಿ ಆರು ತಿಂಗಳ ಮಟ್ಟಿಗೆಂದು ಪಾಠ ಹೇಳಲು ಹೋದ ಹದಿನೆಂಟರ ಹುಡುಗ ಅಲ್ಲೇ ನಿಂತುಬಿಟ್ಟ. ಉಸಿರಾಟದ ಅಭ್ಯಾಸವನ್ನು ತಾನೇ ಹುಡುಕಿಕೊಳ್ಳಬೇಕಾಯಿತು. ಬೆಳಗಿನ ಜಾವ ಎದ್ದು ಕೂರುವುದು, ಕೆಲವೇ ನಿಮಿಷಕ್ಕೆ ಎದೆ ಬಿಗಿದು ಬಿಟ್ಟುಬಿಡುವುದು, ಮಾರನೆಯ ದಿನ ಮತ್ತೆ ಕೂರುವುದು. ವರ್ಷಗಟ್ಟಲೆ ಹೀಗೆಯೇ ನಡೆಯಿತು. 1981ರಲ್ಲಿ ಅವರು ಪ್ರಾಣಾಯಾಮದ ಮೇಲೆ ದೊಡ್ಡ ಪುಸ್ತಕವನ್ನೇ ತಂದಾಗ ಅದರ ಹಿಂದೆ ಇದ್ದದ್ದು ಆ ಸೋತ ಬೆಳಗುಗಳು.

ಕೂತು ಮಾಡಲಾಗದವನು ಮಲಗಿ ಮಾಡಲಿ ಎಂದು ಅವರು ಕಂಡುಕೊಂಡ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಂಬಳಿಯನ್ನು ಒಂದು ಗೇಣಿಗಿಂತ ಸ್ವಲ್ಪ ಅಗಲಕ್ಕೆ ಉದ್ದುದ್ದವಾಗಿ ಮಡಚಿ ನೆಲಕ್ಕೆ ಹಾಸುತ್ತಾರೆ. ಸೊಂಟದ ಮೇಲ್ಭಾಗದಿಂದ ತಲೆಯವರೆಗೆ ಬೆನ್ನುಮೂಳೆ ಅದರ ನಡುವೆ ಬರುವಂತೆ ಅಂಗಾತ ಮಲಗಬೇಕು. ತಲೆಯ ಕೆಳಗೆ ಇನ್ನೊಂದು ಮಡಿಕೆ. ಹಣೆ ಗಲ್ಲಕ್ಕಿಂತ ಒಂದಿಷ್ಟು ಮೇಲಿರಬೇಕು, ಇಲ್ಲದಿದ್ದರೆ ಗಂಟಲು ಸೆಟೆಯುತ್ತದೆ. ಕೈಗಳು ಮೈಯಿಂದ ದೂರ, ಅಂಗೈ ಮೇಲಕ್ಕೆ. ಭುಜಗಳು ಕಂಬಳಿಯ ಎರಡೂ ಅಂಚಿನಿಂದ ಕೆಳಕ್ಕೆ ಜಾರುತ್ತವೆ, ಪಕ್ಕೆಲುಬುಗಳು ತಾವೇ ಬಿಚ್ಚಿಕೊಳ್ಳುತ್ತವೆ. ಎದೆ ಎತ್ತಬೇಕಾದ ಶ್ರಮವನ್ನು ಕಂಬಳಿ ತೆಗೆದುಕೊಂಡಿರುತ್ತದೆ. ಮಲಗಿದವರಿಗೆ ಉಳಿಯುವ ಕೆಲಸ ಉಸಿರನ್ನು ನಿಧಾನಕ್ಕೆ ಬಿಡುವುದೊಂದೇ. ಎಳೆಯುವುದಕ್ಕಿಂತ ಬಿಡುವುದರ ಕಡೆಗೆ ಮೊದಲು ಗಮನ.

ಕುರ್ಚಿಯ ಕಥೆಯೂ ಹೀಗೆಯೇ. ಮದುವೆ ಛತ್ರಗಳಲ್ಲಿ ಹಾಕುವಂಥ ಕಬ್ಬಿಣದ ಮಡಚು ಕುರ್ಚಿಯ ಬೆನ್ನಿನ ತಗಡನ್ನು ತೆಗೆಸಿ, ಆ ಚೌಕಟ್ಟಿನೊಳಗೆ ಕಾಲು ತೂರಿಸಿ ಕೂರುವಂತೆ ಮಾಡಿದರು. ಗೋಡೆಗೆ ಹಗ್ಗ, ಕೈಗೆ ನಿಲುಕದ ನೆಲಕ್ಕೆ ಮರದ ಇಟ್ಟಿಗೆ, ಕಾಲಿಗೆ ಬೆಲ್ಟು, ಬೆನ್ನಿಗೆ ಲೋಡು. ಬಾಗದ ಮೈಯನ್ನು ಬಾಗಿಸುವ ಬದಲು ನೆಲವನ್ನೇ ಮೈಯ ಹತ್ತಿರಕ್ಕೆ ತಂದರು. 1979ರ ಸ್ಕೂಟರ್ ಅಪಘಾತದಲ್ಲಿ ಬೆನ್ನು, ಭುಜ ಪೆಟ್ಟು ತಿಂದು ಅರುವತ್ತರ ಹೊಸ್ತಿಲಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾದಾಗ ಇವೇ ಅವರ ಕೈಹಿಡಿದವು. ಪಿಟೀಲು ವಾದಕ ಯೆಹೂದಿ ಮೆನುಹಿನ್ 1952ರಲ್ಲಿ ಶಿಷ್ಯರಾದದ್ದು, 1966ರ ಯೋಗದ ಪುಸ್ತಕ, ಪದ್ಮವಿಭೂಷಣ, ಇವೆಲ್ಲ ಎಲ್ಲರಿಗೂ ಗೊತ್ತಿರುವ ವಿಚಾರ.

2011ರ ಜೂನ್‌ನಲ್ಲಿ, ತೊಂಬತ್ತೆರಡರ ವಯಸ್ಸಿನಲ್ಲಿ, ಅವರು ಚೀನಾಕ್ಕೆ ಹೋದರು. ಗುವಾಂಗ್‌ಝೌ ನಗರದ ಯೋಗ ಸಮಾವೇಶದಲ್ಲಿ ಪಾಠ ಮಾಡಿದರು. ಅಲ್ಲಿ ಅವರ ಗೌರವಾರ್ಥ ಅಂಚೆಚೀಟಿಯನ್ನೂ ತಂದರು. ಬೆಳ್ಳೂರಿನ ಉಸಿರಾಟ ಹೋದದ್ದು ಉಸಿರಾಟದ್ದೇ ಎರಡು ಸಾವಿರ ವರ್ಷದ ಪರಂಪರೆಯಿರುವ ದೇಶಕ್ಕೆ ಎನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ.

ಆ ಪರಂಪರೆಗೆ ಸಾಕ್ಷಿ ಚಾಂಗ್‌ಶಾ ನಗರದ ಬಳಿಯ ಮವಾಂಗ್‌ದುಯಿ ಗೋರಿಯಲ್ಲಿ ಸಿಕ್ಕಿದೆ. ಕ್ರಿ.ಪೂ. 168ರಲ್ಲಿ ಮುಚ್ಚಿದ ಆ ಗೋರಿಯನ್ನು 1973ರಲ್ಲಿ ಅಗೆದಾಗ ರೇಷ್ಮೆ ಬಟ್ಟೆಯ ಮೇಲೆ ಬರೆದ ಪಟವೊಂದು ಹೊರಬಂತು. ಅದರಲ್ಲಿ 44 ಆಕೃತಿಗಳು: ಗಂಡಸರು, ಹೆಂಗಸರು, ಹರೆಯದವರು, ಮುದುಕರು, ಒಬ್ಬೊಬ್ಬರದು ಒಂದೊಂದು ಭಂಗಿ. ಇಂದು ಕಿಗೊಂಗ್ ಎಂದು ಕರೆಯುವ ಉಸಿರು-ಚಲನೆಯ ವ್ಯಾಯಾಮಗಳ ಹಿರಿಯರು ಇವರು. ತಾಯ್‌ಚಿ ಯುದ್ಧಕಲೆಯಿಂದ ಬಂದ ಇನ್ನೊಂದು ಕವಲು. ನಮ್ಮ ಯೋಗ 2016ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿ ಸೇರಿದರೆ ತಾಯ್‌ಚಿ 2020ರಲ್ಲಿ ಸೇರಿತು.

ಆಧುನಿಕ ಕಿಗೊಂಗನ್ನು ಕಟ್ಟಿದವರ ಬದುಕು ಓದುವಾಗ ಮತ್ತೆ ಮತ್ತೆ ಬೆಳ್ಳೂರಿನ ಹುಡುಗ ನೆನಪಾಗುತ್ತಾನೆ. ಲಿಯು ಗುಯಿಝೆನ್ ಎಂಬ ಯುವಕ ಹೊಟ್ಟೆಹುಣ್ಣಿನಿಂದ ಕೃಶವಾಗಿ ಊರಿಗೆ ಮರಳಿ, ಅಲ್ಲಿನ ಹಿರಿಯರೊಬ್ಬರಿಂದ ಉಸಿರಿನ ಅಭ್ಯಾಸ ಕಲಿತು ಚೇತರಿಸಿಕೊಂಡವರು. 1950ರ ದಶಕದಲ್ಲಿ ಅವರು ಅದನ್ನು ಚಿಕಿತ್ಸಾಲಯದೊಳಕ್ಕೆ ತಂದರು. ಗುವೊ ಲಿನ್ ಎಂಬ ಚಿತ್ರಕಲಾವಿದೆ ಗರ್ಭಕೋಶದ ಕ್ಯಾನ್ಸರಿಗೆ ಹಲವು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಕೆ. ಚಿಕ್ಕಂದಿನಲ್ಲಿ ಅಜ್ಜ ಕಲಿಸಿದ್ದನ್ನು ನೆನೆಸಿಕೊಂಡು ನಡಿಗೆಯ ಕ್ರಮವೊಂದನ್ನು ರೂಪಿಸಿ, 1970ರ ದಶಕದಲ್ಲಿ ಬೀಜಿಂಗಿನ ಪಾರ್ಕುಗಳಲ್ಲಿ ರೋಗಿಗಳಿಗೆ ಹೇಳಿಕೊಟ್ಟರು. ಹಿಮ್ಮಡಿ ಮೊದಲು ಊರಬೇಕು. ಮೂಗಿನಿಂದಲೇ ಎರಡು ಸಣ್ಣ ಉಸಿರು ಒಳಕ್ಕೆ, ಒಂದು ಹೊರಕ್ಕೆ. ಸೊಂಟ ಸಡಿಲ, ಕೈಗಳು ಹೊಕ್ಕುಳ ಮಟ್ಟದಲ್ಲಿ ಆ ಕಡೆ ಈ ಕಡೆ ತೂಗುತ್ತಿರಬೇಕು. ಇದು ಗಡ್ಡೆ ಕರಗಿಸುತ್ತದೆ ಎನ್ನಲು ಆಧಾರವಿಲ್ಲ. ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರಿಗೆ ಇಂಥ ವ್ಯಾಯಾಮದಿಂದ ಸುಸ್ತು ತಗ್ಗುತ್ತದೆ, ನಿದ್ದೆ ಸುಧಾರಿಸುತ್ತದೆ ಎನ್ನುವುದಕ್ಕೆ ಇದೆ.

ಆರೋಗ್ಯವಂತರು ಮೈಕಟ್ಟು ತೋರಿಸಲು ಕಟ್ಟಿದ ವಿದ್ಯೆಗಳಲ್ಲ ಇವು. ಕಾಯಿಲೆ ಬಿದ್ದವರು ತಮ್ಮ ಮೈಯನ್ನು ತಾವೇ ಎತ್ತಿ ನಿಲ್ಲಿಸಿಕೊಳ್ಳಲು ಕಟ್ಟಿಕೊಂಡವು.

ಪ್ರಯೋಜನ ಏನು ಎಂದು ಕೇಳುವವರಿಗೆ ಈಗ ಉತ್ತರ ಇದೆ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿದ ಅಧ್ಯಯನದಲ್ಲಿ 195 ಪಾರ್ಕಿನ್ಸನ್ ರೋಗಿಗಳಿದ್ದರು. ವಾರಕ್ಕೆರಡು ಸಲದಂತೆ 24 ವಾರ ತಾಯ್‌ಚಿ ಮಾಡಿದವರ ಸಮತೋಲ ಉಳಿದವರಿಗಿಂತ ಚೆನ್ನಾಯಿತು; ಬರೀ ಮೈ ಎಳೆಯುವ ವ್ಯಾಯಾಮ ಮಾಡಿದವರಿಗಿಂತ ಅವರು ಕಡಿಮೆ ಬಿದ್ದರು. 2016ರಲ್ಲಿ ಅಮೆರಿಕದಲ್ಲೇ ಮಂಡಿ ಸವೆತದ 204 ಮಂದಿಯ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, ತಾಯ್‌ಚಿ ಮಾಡಿದವರ ನೋವು ಫಿಸಿಯೋಥೆರಪಿ ಪಡೆದವರಷ್ಟೇ ಇಳಿಯಿತು. ಅಯ್ಯಂಗಾರ್ ಕ್ರಮದ ಯೋಗಕ್ಕೂ ಇಂಥ ಆಧಾರವಿದೆ: 2009ರಲ್ಲಿ ಹಳೆಯ ಸೊಂಟನೋವಿನ 90 ಮಂದಿಯ ಮೇಲೆ ಮಾಡಿದ 24 ವಾರಗಳ ಅಧ್ಯಯನದಲ್ಲಿ ನೋವೂ ಇಳಿಯಿತು, ಓಡಾಟವೂ ಸುಧಾರಿಸಿತು.

ಇದರಲ್ಲಿ ಪವಾಡವಿಲ್ಲ. ತಾಯ್‌ಚಿಯಲ್ಲಿ ಮಂಡಿ ಚೂರು ಬಗ್ಗಿಸಿ, ಮೂಟೆಯನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಿಸುವ ಹಾಗೆ ಮೈಯ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನಕ್ಕೆ ಸಾಗಿಸುತ್ತಾರೆ. ತೊಡೆ, ಹಿಮ್ಮಡಿಗಂಟು ಗಟ್ಟಿಯಾಗುತ್ತವೆ, ಕಾಲು ಎಲ್ಲಿದೆ ಎಂಬ ಅರಿವು ಚುರುಕಾಗುತ್ತದೆ. ಉಸಿರು ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿದಾಗ ಹೃದಯದ ಬಡಿತವೂ ರಕ್ತದೊತ್ತಡವೂ ಒಂದು ಲಯಕ್ಕೆ ಬರುತ್ತವೆ. ಮಂತ್ರ ಹೇಳುವಾಗ, ಜಪಮಾಲೆ ಹಿಡಿದು ಪ್ರಾರ್ಥಿಸುವಾಗ ಉಸಿರು ತಾನಾಗಿಯೇ ಆ ಗತಿಗೆ ಬರುತ್ತದೆ ಎಂದು 2001ರಲ್ಲೇ ಇಟಲಿಯ ವೈದ್ಯರು ತೋರಿಸಿದ್ದರು. ಇದಕ್ಕಿಂತ ಹೆಚ್ಚು ಹೇಳುವವರ ಮಾತನ್ನು ನಂಬಬಾರದು. ಚೀನಾದಲ್ಲಿ 1980ರ ದಶಕದಲ್ಲಿ ಮುಟ್ಟದೆಯೇ ರೋಗ ವಾಸಿ ಮಾಡುತ್ತೇವೆ ಎಂದ ಕಿಗೊಂಗ್ ಗುರುಗಳ ಹಾವಳಿ ಎದ್ದಿತ್ತು. ನಮ್ಮಲ್ಲೂ ಸಕ್ಕರೆ ಕಾಯಿಲೆಯ ಮಾತ್ರೆ ಬಿಸಾಡಿ ಎನ್ನುವವರಿಗೆ ಕೊರತೆಯಿಲ್ಲ.

ಈಗ ನಮ್ಮ ಕೋಲಾರ ಜಿಲ್ಲೆಯ ಮಾತು. ಮಾಲೂರಿನ ಹೆಂಚಿನ ಕಾರ್ಖಾನೆಗಳಲ್ಲಿ ದುಡಿದವರು, ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಬುಟ್ಟಿ ಹೊತ್ತವರು, ಕೋಲಾರ ಮತ್ತು ಮುಳಬಾಗಿಲಿನ ಟೊಮೆಟೊ ಹೊಲದಲ್ಲಿ ದಿನವಿಡೀ ಬಗ್ಗಿದವರು. ಇವರ ಮಂಡಿ, ಸೊಂಟಗಳ ಮೇಲೆ ದುಡಿಮೆಯ ಭಾರವೊಂದೇ ಅಲ್ಲ, ಫ್ಲೋರೈಡಿನ ಭಾರವೂ ಇದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿದೆ. ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿ ಮೀರಿದ ಫ್ಲೋರೈಡಿನ ನೀರನ್ನು ಎಷ್ಟೋ ಹಳ್ಳಿಗಳು ವರ್ಷಗಟ್ಟಲೆ ಕುಡಿದಿವೆ. ಅಂಥ ನೀರು ಕೀಲು ಹಿಡಿಯುತ್ತದೆ, ಬೆನ್ನು ಬಾಗಿಸುತ್ತದೆ. ಶ್ರೀನಿವಾಸಪುರದ ಕಡೆ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಕನ್ನಡದ ಮಂಡಿನೋವಿನಿಂದ ಶುರುವಾದ ಮಾತು ತೆಲುಗಿನ ಮೋಕಾಳ್ಳ ನೊಪ್ಪುಲಿಗೆ ತಿರುಗಿ ಮತ್ತೆ ಕನ್ನಡಕ್ಕೆ ಬರುತ್ತದೆ. ಕೊನೆಗೆ ಕೈಗೆ ಬರುವುದು ನೋವಿನ ಮಾತ್ರೆ. ವ್ಯಾಯಾಮ ಫ್ಲೋರೋಸಿಸ್ ವಾಸಿ ಮಾಡುವುದಿಲ್ಲ, ಶುದ್ಧ ನೀರಿಗೆ ಬದಲಿಯೂ ಅಲ್ಲ. ಉಳಿದಿರುವ ಚಲನೆಯನ್ನು ಉಳಿಸಿಕೊಳ್ಳಲು, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಳ್ಳದಿರಲು ಅದು ನೆರವಾಗುತ್ತದೆ.

ಯೋಗ ಎಂದೊಡನೆ ನಮ್ಮ ಹಿರಿಯರು ಹೇಳುವುದು ಒಂದೇ ಮಾತು: “ನಮಗೆಲ್ಲಿ ಬಗ್ಗಕ್ಕಾಗುತ್ತೆ ಬಿಡಪ್ಪ.” ಬಗ್ಗಲಾಗದವರ ಮಾತನ್ನೇ ತಮ್ಮ ವಿದ್ಯೆಯ ಆರಂಭವಾಗಿ ತೆಗೆದುಕೊಂಡ ಮನುಷ್ಯ ಹುಟ್ಟಿದ ನೆಲದಲ್ಲಿ ಈ ಮಾತು ಇನ್ನೂ ಹೀಗೆಯೇ ಉಳಿದಿದೆ ಎನ್ನುವುದು ನನಗೆ ನೋವಿನ ಸಂಗತಿ. ಅಯ್ಯಂಗಾರ್ ಊರನ್ನು ಮರೆತವರಲ್ಲ. ತಂದೆ ತಾಯಿಯ ಹೆಸರಿನ ಟ್ರಸ್ಟ್ ಬೆಳ್ಳೂರಿನಲ್ಲಿ ಶಾಲೆ, ಆಸ್ಪತ್ರೆ ನಡೆಸುತ್ತಿದೆ, ನೀರಿನ ಟ್ಯಾಂಕು ಕಟ್ಟಿಸಿದೆ. ಪತಂಜಲಿಗೆ ಗುಡಿಯೂ ಇದೆ, ವಿದೇಶದಿಂದ ಶಿಷ್ಯರು ಬಂದು ನಮಸ್ಕರಿಸಿ ಹೋಗುತ್ತಾರೆ. 2014ರ ಆಗಸ್ಟ್ 20ರಂದು ಪುಣೆಯಲ್ಲಿ ಅವರು ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳೆಲ್ಲ ಬೆಳ್ಳೂರಿನ ಹೆಸರು ಬರೆದವು. ಆ ಕಂಬಳಿಯ ಮಡಿಕೆ, ಆ ಕುರ್ಚಿ ಮಾತ್ರ ಪಕ್ಕದ ಹಳ್ಳಿಗಳ ಜಗುಲಿ ಹತ್ತಲಿಲ್ಲ.

ಹತ್ತಿಸುವುದು ಕಷ್ಟವೇನಲ್ಲ. ಚೀನಾದ ಬಾದುವಾನ್‌ಜಿನ್ ಎಂಬ ಎಂಟು ಚಲನೆಗಳ ಕ್ರಮದ ಮೊದಲನೆಯದನ್ನು ಕುರ್ಚಿಯಲ್ಲಿ ಕೂತೇ ಮಾಡಬಹುದು. ಎರಡೂ ಪಾದ ನೆಲಕ್ಕೆ. ಹೊಟ್ಟೆಯ ಮುಂದೆ ಬೆರಳು ಹೆಣೆದು, ಉಸಿರೆಳೆಯುತ್ತ ಕೈಗಳನ್ನು ಎದೆಯ ಮಟ್ಟಕ್ಕೆ ತಂದು, ಅಂಗೈ ಮಗುಚಿ ತಲೆಯ ಮೇಲಕ್ಕೆ ತಳ್ಳಬೇಕು. ಅರೆಗಳಿಗೆ ಹಾಗೇ ಇದ್ದು, ಉಸಿರು ಬಿಡುತ್ತ ಎರಡೂ ಪಕ್ಕದಿಂದ ಇಳಿಸಬೇಕು. ಭುಜ ಮೇಲಕ್ಕೆ ಬಾರದಿದ್ದರೆ ಬಂದಷ್ಟೇ ಸಾಕು. ರಕ್ತದೊತ್ತಡ ಇರುವವರು ಉಸಿರು ಬಿಗಿಹಿಡಿಯಬಾರದು, ಗ್ಲುಕೋಮಾ ಇರುವವರು ತಲೆ ಕೆಳಗಾಗುವ ಭಂಗಿ ಮಾಡಬಾರದು. ಬಾಕಿಯನ್ನೆಲ್ಲ ಒಬ್ಬ ಆಶಾ ಕಾರ್ಯಕರ್ತೆ ಕಲಿತು ಕಲಿಸಬಹುದು. ಉಪಕೇಂದ್ರಗಳನ್ನು ಆರೋಗ್ಯ ಮಂದಿರ ಎಂದು ಕರೆದು, ಯೋಗವೂ ಅಲ್ಲಿನ ಕೆಲಸ ಎಂದು ಸರ್ಕಾರವೇ ಹೇಳಿದೆ.

ಪ್ರತಿ ಜೂನ್ 21ರ ಯೋಗ ದಿನಕ್ಕೆ ತಾಲ್ಲೂಕು ಕೇಂದ್ರಗಳ ಮೈದಾನದಲ್ಲಿ ಚಾಪೆ ಹಾಸುತ್ತಾರೆ, ಶಾಲೆಯ ಮಕ್ಕಳು ಬಂದು ಚಂದವಾಗಿ ಬಾಗುತ್ತಾರೆ. ಮುಂದಿನ ಸಲ ಮುಳಬಾಗಿಲಿನಲ್ಲೋ ಮಾಲೂರಿನಲ್ಲೋ ಯಾರಾದರೂ ಮೊದಲ ಸಾಲಿಗೆ ಕುರ್ಚಿ ಹಾಕಿಸಿ, ಮಂಡಿ ಹಿಡಿದ ಅಜ್ಜಿ ತಾತಂದಿರನ್ನು ಕೂರಿಸುತ್ತಾರೆಯೇ ಎಂದು ನಾನು ಕಾಯುತ್ತಿದ್ದೇನೆ.