ನಿಮ್ಮ ಕಾಂಜಿ ಜಪಾನಿನದೇ?
ಲಿನಕ್ಸ್ ಕಂಪ್ಯೂಟರಿನಲ್ಲಿ ಜಪಾನಿ ಭಾಷೆ ಕಲಿಯುತ್ತಿದ್ದೀರಾ? ತೆರೆಯಲ್ಲಿ ಕಾಣುವ ಕಾಂಜಿ ಅಕ್ಷರಗಳನ್ನು ಒಮ್ಮೆ ಪಠ್ಯಪುಸ್ತಕದ ಜತೆ ಹೋಲಿಸಿ ನೋಡಿ. ‘ಮೂಳೆ’ ಎಂಬ ಅರ್ಥದ ಅಕ್ಷರದ ಮೇಲ್ಭಾಗದಲ್ಲಿರುವ ಪುಟ್ಟ ಚೌಕ ಜಪಾನಿನಲ್ಲಿ ಬಲಕ್ಕಿದ್ದರೆ, ಚೀನಾದಲ್ಲಿ ಎಡಕ್ಕಿರುತ್ತದೆ. ಯೂನಿಕೋಡ್ ಎರಡಕ್ಕೂ ಒಂದೇ ಸಂಕೇತ ಕೊಟ್ಟಿದೆ. ರೂಪ ನಿರ್ಧರಿಸುವುದು ಫಾಂಟ್. (ಕನ್ನಡ, ತೆಲುಗಿಗೆ ಬೇರೆ ಬೇರೆ ಸಂಕೇತಗಳಿವೆ, ನಾವು ಬಚಾವ್!) ತಪ್ಪು ರೂಪ ಕೈಗೆ ಕೂತುಬಿಟ್ಟರೆ ಬಿಡಿಸುವುದು ಕಷ್ಟ.

‘ನೋಟೊ ಸ್ಯಾನ್ಸ್ ಸಿಜೆಕೆ’ ಹಾಕಿಕೊಂಡರಷ್ಟೇ ಸಾಲದು, ಅದರಲ್ಲಿ ಚೀನಿ ರೂಪವೂ ಇದೆ. ಫಾಂಟ್‌ಕಾನ್ಫಿಗ್ ಕಡತದಲ್ಲಿ ‘ಜೆಪಿ’ ಎಂದು ಮುಗಿಯುವ ಹೆಸರನ್ನು ‘ಎಸ್‌ಸಿ’ಗಿಂತ ಮೇಲೆ ಬರೆದು, ಲಾಗ್‌ಔಟ್ ಆಗಿ ಬನ್ನಿ. ರೆಸ್ಯೂಮೆಯಲ್ಲಂತೂ ‘ಜೆಪಿ’ ಫಾಂಟನ್ನೇ ಆರಿಸಿ ಪಿಡಿಎಫ್ ಮಾಡಿ. ಫಾಂಟ್ ಪಿಡಿಎಫ್ ಒಳಗೇ ಸೇರಿಹೋಗುವುದರಿಂದ ಇಲ್ಲಿ ಚೀನಿ ರೂಪವಿದ್ದರೆ ಟೋಕಿಯೊದಲ್ಲಿ ತೆರೆದವರಿಗೂ ಅದೇ ಕಾಣುತ್ತದೆ.