ಒಡಂಬಡಿಕೆ ಕಾನೂನಾಗುವ ದಾರಿ

ವಿಶ್ವಸಂಸ್ಥೆ ಒಪ್ಪಿದ ಮಾನವ ಹಕ್ಕುಗಳ ಒಡಂಬಡಿಕೆಯನ್ನು ಜಾರಿ ಮಾಡಲು ಅದರದೇ ಪೊಲೀಸರಿಲ್ಲ. ಹಾಗಿದ್ದರೆ ಹಳ್ಳಿಯಲ್ಲಿ ದುಡಿಯುವ ಹೆಣ್ಣುಮಗಳಿಗೆ ಅದರಿಂದ ಏನು ಪ್ರಯೋಜನ? ಉತ್ತರಕ್ಕೆ ನಮ್ಮ ದೇಶದ್ದೇ ಆದ ವಿಶಾಖಾ ಪ್ರಕರಣವನ್ನು ನೋಡಬೇಕು.

ಪ್ರಕರಣ ಏನು?

1992ರಲ್ಲಿ ರಾಜಸ್ಥಾನದ ಭಟೇರಿ ಗ್ರಾಮದಲ್ಲಿ, ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ‘ಸಾಥಿನ್’ (ಗ್ರಾಮಮಟ್ಟದ ಕಾರ್ಯಕರ್ತೆ) ಒಬ್ಬರು ಬಾಲ್ಯವಿವಾಹ ತಡೆಯಲು ಮುಂದಾದರು. ಆ ಸೇಡಿಗೆ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ ವಿಚಾರಣಾ ನ್ಯಾಯಾಲಯ 1995ರಲ್ಲಿ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಖುಲಾಸೆ ಮಾಡಿತು. ‘ವಿಶಾಖಾ’ ಮತ್ತಿತರ ಸಂಘಟನೆಗಳು ಸುಪ್ರೀಂ ಕೋರ್ಟಿನ ಮುಂದಿಟ್ಟ ಪ್ರಶ್ನೆ ಬೇರೆ: ದುಡಿಯುವ ಜಾಗದಲ್ಲಿ ಹೆಣ್ಣಿಗೆ ಲೈಂಗಿಕ ಕಿರುಕುಳದಿಂದ ರಕ್ಷಣೆ ಎಲ್ಲಿದೆ? ಅದಕ್ಕೆಂದೇ ಮಾಡಿದ ಕಾಯ್ದೆ ಆಗ ಇರಲಿಲ್ಲ.

ಸಹಿ, ಅನುಮೋದನೆ, ಕಾಯ್ದೆ

ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯ ನಿವಾರಣೆಯ ಒಡಂಬಡಿಕೆಯನ್ನು, ಅಂದರೆ ‘ಸೀಡಾ’ವನ್ನು, ವಿಶ್ವಸಂಸ್ಥೆಯ ಮಹಾಸಭೆ 1979ರಲ್ಲಿ ಅಂಗೀಕರಿಸಿತು. ಅದರ 11ನೇ ವಿಧಿ ಉದ್ಯೋಗದಲ್ಲಿ ಸಮಾನತೆಯನ್ನು ಹೇಳುತ್ತದೆ. ಭಾರತ 1980ರಲ್ಲಿ ಸಹಿ ಹಾಕಿ, 1993ರಲ್ಲಿ ಅನುಮೋದಿಸಿತು. ದೇಶವನ್ನು ಕಟ್ಟಿಹಾಕುವುದು ಬರಿಯ ಸಹಿಯಲ್ಲ, ಅನುಮೋದನೆ. ಅನುಮೋದಿಸಿದ ಮೇಲೂ ನಮ್ಮಲ್ಲಿ ಒಡಂಬಡಿಕೆ ತಾನಾಗಿಯೇ ಕಾನೂನಾಗುವುದಿಲ್ಲ. ಸಂವಿಧಾನದ 253ನೇ ವಿಧಿಯಂತೆ ಸಂಸತ್ತು ಕಾಯ್ದೆ ಮಾಡಬೇಕು. ಸಂಸತ್ತು ಆಗಿನ್ನೂ ಮಾಡಿರಲಿಲ್ಲ.

ನ್ಯಾಯಾಲಯ ಹುಡುಕಿದ ಹಾದಿ

1997ರ ಆಗಸ್ಟ್ 13ರಂದು ಮುಖ್ಯ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ನೇತೃತ್ವದ ತ್ರಿಸದಸ್ಯ ಪೀಠ ತೀರ್ಪು ನೀಡಿತು. ಲೈಂಗಿಕ ಕಿರುಕುಳವು ಸಮಾನತೆ, ಉದ್ಯೋಗದ ಸ್ವಾತಂತ್ರ್ಯ ಮತ್ತು ಘನತೆಯ ಬದುಕು ಎಂಬ ಮೂಲಭೂತ ಹಕ್ಕುಗಳನ್ನೇ ಉಲ್ಲಂಘಿಸುತ್ತದೆ ಎಂದಿತು. ದೇಶದಲ್ಲಿ ಕಾಯ್ದೆ ಇಲ್ಲದಿದ್ದಾಗ, ಮೂಲಭೂತ ಹಕ್ಕುಗಳಿಗೆ ವಿರುದ್ಧವಲ್ಲದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಆ ಹಕ್ಕುಗಳ ಅರ್ಥ ವಿಸ್ತರಿಸಲು ಬಳಸಬಹುದು ಎಂದೂ ಹೇಳಿತು. ಹೀಗೆ ಹುಟ್ಟಿದ ಮಾರ್ಗಸೂಚಿಗಳು, ಸಂಸತ್ತು ಕಾಯ್ದೆ ಮಾಡುವವರೆಗೆ ಕಾನೂನಿನಂತೆಯೇ ಪಾಲನೆಯಾಗಬೇಕಿತ್ತು. ಕಾಯ್ದೆ ಬಂದದ್ದು 16 ವರ್ಷಗಳ ನಂತರ, 2013ರಲ್ಲಿ. ಅದರ ಪೀಠಿಕೆಯಲ್ಲೇ ಸೀಡಾದ ಹೆಸರಿದೆ.

ಮಿತಿಗಳು

ಅನುಮೋದಿಸುವಾಗ ಭಾರತ, ಸಮುದಾಯಗಳ ಒಪ್ಪಿಗೆಯಿಲ್ಲದೆ ಅವುಗಳ ವೈಯಕ್ತಿಕ ವಿಷಯಗಳಲ್ಲಿ ಕೈಹಾಕುವುದಿಲ್ಲವೆಂದು ಘೋಷಿಸಿತ್ತು. ಒಡಂಬಡಿಕೆಯ ಪಾಲನೆಯನ್ನು ಗಮನಿಸುವ ಸೀಡಾ ಸಮಿತಿಗೆ ವ್ಯಕ್ತಿಗಳೇ ದೂರು ಕೊಡಲು ಅವಕಾಶ ಕೊಡುವ 1999ರ ಐಚ್ಛಿಕ ಪ್ರೋಟೋಕಾಲ್‌ಗೆ ಭಾರತ ಸೇರಿಲ್ಲ. ಸರ್ಕಾರಗಳು ಸಮಿತಿಗೆ ಕಾಲಕಾಲಕ್ಕೆ ವರದಿ ಒಪ್ಪಿಸಿ ಪ್ರಶ್ನೆಗಳಿಗೆ ಉತ್ತರಿಸಬೇಕು. ಸಮಿತಿ ಶಿಫಾರಸು ಮಾಡಬಲ್ಲದು, ಶಿಕ್ಷಿಸಲಾರದು. ಆದ್ದರಿಂದ ಯಾವ ಒಡಂಬಡಿಕೆಯನ್ನು ಓದುವಾಗಲೂ ಮೂರು ಸಂಗತಿ ನೋಡಿ: ದೇಶ ಅನುಮೋದಿಸಿದೆಯೇ? ಯಾವ ಷರತ್ತು ಹಾಕಿದೆ? ಒಳನಾಡಿನ ಕೋರ್ಟು, ಕಾಯ್ದೆ ಅದನ್ನು ಎಷ್ಟರಮಟ್ಟಿಗೆ ಒಪ್ಪಿವೆ? ಹಕ್ಕಿನ ನಿಜವಾದ ಬಲ ಗೊತ್ತಾಗುವುದು ಮೂರನೆಯದರಲ್ಲಿ.

ನಿಮಗೆ ತಿಳಿದಿರಲಿ

2013ರ ಕಾಯ್ದೆಯಂತೆ, 10 ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿ ಸಂಸ್ಥೆಯಲ್ಲೂ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಯಾದರೆ ಅಥವಾ ದೂರು ಮಾಲೀಕರ ಮೇಲೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ನಿಮ್ಮ ಕಚೇರಿಯ ಸಮಿತಿಯಲ್ಲಿ ಯಾರಿದ್ದಾರೆಂದು ಇಂದೇ ವಿಚಾರಿಸಿಕೊಳ್ಳಿ.