ಐಸ್ ಮೇಲಾ, ನೀರೊಳಗಾ?

ದಿನವಿಡೀ ಕುರ್ಚಿಗೆ ಅಂಟಿಕೊಂಡು ದುಡಿಯುವ ನಮಗೆ ಮೈ ಬಗ್ಗಿಸುವ ಹವ್ಯಾಸ ಒಂದಾದರೂ ಬೇಕು. ವಾಲ್ನಟ್ ಕ್ರೀಕ್‌ನ ನಮ್ಮ ಕನ್ನಡದ ಮನೆಗಳಲ್ಲಿ ಈ ಮಾತು ಬಂದಾಗೆಲ್ಲ ಎರಡು ಪಕ್ಷ. ಮಕ್ಕಳದ್ದು ಐಸ್ ಸ್ಕೇಟಿಂಗ್, ದೊಡ್ಡವರದ್ದು ಈಜು.

ಮಕ್ಕಳ ಆಸೆ ಸುಮ್ಮನೆ ಹುಟ್ಟಿದ್ದಲ್ಲ ಬಿಡಿ. 1992ರ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಕ್ರಿಸ್ಟಿ ಯಮಾಗುಚಿ ಇಲ್ಲೇ ಫ್ರೀಮಾಂಟಿನಲ್ಲಿ ಬೆಳೆದವರು. 2019ರಲ್ಲಿ 13ನೇ ವಯಸ್ಸಿಗೇ ಅಮೆರಿಕದ ಚಾಂಪಿಯನ್ ಆದ ಅಲಿಸಾ ಲಿಯು ಓಕ್ಲೆಂಡ್ ಐಸ್ ಸೆಂಟರಿನಲ್ಲಿ ಅಭ್ಯಾಸ ಮಾಡಿದ ಹುಡುಗಿ. ಅಲ್ಲಿಗೆ ಕಾರೂ ಬೇಡ. ಹಳದಿ ಲೈನಿನ ಬಾರ್ಟ್ ಹತ್ತಿ 19ನೇ ಸ್ಟ್ರೀಟಿನಲ್ಲಿ ಇಳಿದರೆ ನಡೆಯುವಷ್ಟೇ ದೂರ. ನಮ್ಮ ಸಿವಿಕ್ ಪಾರ್ಕಿನ ರಿಂಕ್ ಚಳಿಗಾಲದ ಸಂಭ್ರಮಕ್ಕೆ ಹಾಕಿದ್ದು. ಫೋಟೋಗೆ ಚೆನ್ನ, ಕಲಿಕೆಗೆ ಸಾಲದು.

ಲೆಕ್ಕ ಬರೆಯುವ ಕೈ ನಮ್ಮದು, ಖರ್ಚಿನ ಕಾಲಂ ಮೊದಲು ಕಾಣುತ್ತೆ. ಪ್ರವೇಶ, ಬೂಟಿನ ಬಾಡಿಗೆ, ಪಾಠದ ಫೀಸು. ಸ್ವಂತ ಬೂಟು ಕೊಂಡರೆ ಬ್ಲೇಡಿಗೆ ಸಾಣೆ, ಬೆಳೆಯೋ ಮಕ್ಕಳಿಗೆ ಮತ್ತೆ ಹೊಸ ಸೈಜು. ನಲವತ್ತು ದಾಟಿದವರು ಬೀಳುವಾಗ ಕೈ ಊರಿದರೆ ಮಣಿಕಟ್ಟಿಗೆ ಪೆಟ್ಟು, ಮೇಲೆ ಇನ್ಶೂರೆನ್ಸಿನ ಡಿಡಕ್ಟಿಬಲ್. ಈಜಿನಲ್ಲಿ ನೀರೇ ಮೈಭಾರ ಹೊರುತ್ತೆ, ಮಂಡಿನೋವಿನವರಿಗೂ ಸರಿ. ಉಡುಪು, ಕನ್ನಡಕ, ಪ್ರವೇಶ, ಪಾಠ, ಅಲ್ಲಿಗೆ ಮುಗೀತು.

ಆದರೆ ನಮ್ಮ ಮತ ಈಜಿಗೆ ಬೀಳೋದು ದುಡ್ಡಿನಿಂದಲ್ಲ. ಊರಲ್ಲಿ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಇಳಿದು ಕಲಿತವರು ನಮ್ಮಲ್ಲಿ ಬೆರಳೆಣಿಕೆ. ಸಿಟಿಯಲ್ಲಿ ಬೆಳೆದು ವೀಸಾ ಹಿಡಿದು ಬಂದ ಎಷ್ಟೋ ಜನಕ್ಕೆ ಈಜೇ ಬರಲ್ಲ. ಇಲ್ಲಿ ನೋಡಿದರೆ ಅಪಾರ್ಟ್‌ಮೆಂಟಿನ ಬಾಗಿಲಲ್ಲೇ ಕೊಳ, ಪಕ್ಕದಲ್ಲಿ 'ಜೀವರಕ್ಷಕರಿಲ್ಲ' ಅನ್ನುವ ಬೋರ್ಡು. ವಾರಾಂತ್ಯಕ್ಕೆ ಸಮುದ್ರ, ಸ್ಯಾನ್ ಫ್ರಾನ್ಸಿಸ್ಕೋದ ಓಷನ್ ಬೀಚಿನ ಸೆಳೆತ ಈಜು ಬಲ್ಲವರನ್ನೂ ಎಳೆದೊಯ್ಯುತ್ತೆ. ಅಮೆರಿಕದಲ್ಲಿ 1ರಿಂದ 4 ವರ್ಷದ ಮಕ್ಕಳ ಸಾವಿಗೆ ಮುಳುಗುವುದೇ ಮುಖ್ಯ ಕಾರಣ. ರಿಂಕಿನಲ್ಲಿ ಜಾರಿದರೆ ಎದ್ದು ನಗಬಹುದು ಕಣ್ರೀ.

ಸಂಕೋಚ ಇದೆ, ಗೊತ್ತು. ಈಜುಡುಪಿಗೆ ನಾಚಿಕೆ, ಮಕ್ಕಳ ಮುಂದೆ ತಡಬಡಿಸಬೇಕಲ್ಲ ಅಂತ ಬೇರೆ. ಮೈಮುಚ್ಚುವ ಈಜುಡುಪು ಸಿಗುತ್ತೆ, ವಯಸ್ಕರಿಗೇ ಬೇರೆ ತರಗತಿಗಳೂ ಇರುತ್ತವೆ. ಚಿಕ್ಕಂದಿನಲ್ಲಿ ಮುಳುಗುವುದರಿಂದ ಸ್ವಲ್ಪದರಲ್ಲಿ ಪಾರಾಗಿದ್ದ ಬೆಂಗಳೂರಿನ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಈಜಿದರು. ನಮ್ಮೂರಿನ ಅಕ್ವಾನಟ್ಸ್ ಕ್ಲಬ್ಬಿನವರಂತೂ 1996ರ ಅಟ್ಲಾಂಟಾದಲ್ಲಿ ಚಿನ್ನ ಗೆದ್ದ ಅಮೆರಿಕದ ಸಿಂಕ್ರನೈಸ್ಡ್ ಈಜು ತಂಡದಲ್ಲಿದ್ದರು. ನಮಗೆ ಅಷ್ಟೆಲ್ಲ ಬೇಡ. ಮೊದಲು ಮಲಗಿ ತೇಲೋದು, ಆಮೇಲೆ ಕೊಳದ ಅಂಚಿಗೆ ಬಂದು ಸೇರೋದು, ಇಷ್ಟು ಬಂದರೆ ಈ ಬೇಸಿಗೆಗೆ ಸಾಕು.

ಲಾರ್ಕಿ ಪಾರ್ಕಿನ ಕೊಳದ ವೇಳಾಪಟ್ಟಿ ನೋಡಿ, ಸೀಟು ತುಂಬುವ ಮೊದಲೇ ಹೆಸರು ಕೊಡಿ. ಮಕ್ಕಳಿಗೆ ಬೇಸರ ಬೇಡ, ಡಿಸೆಂಬರಿನಲ್ಲಿ ರಿಂಕ್‌ಗೆ ಕರೆದೊಯ್ಯೋಣ. ಕೈಗವಸು, ದಪ್ಪ ಸಾಕ್ಸ್ ಮರೀಬೇಡಿ.